ಬಸ್ಸಿನೊಳಗಣ ಸಾಕ್ಷಿ

ಹೈಸ್ಕೂಲಿನಲ್ಲಿ ಕನ್ನಡ ಹೇಳಿಕೊಡುವವರಿಗೆಲ್ಲ ಒಂದು ವಾರ್ಷಿಕ ವ್ರತವುಂಟು. ಅದು ಗಾದೆಯ ವಿಸ್ತರಣೆ. ‘ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು’ ಎಂಬ ಗಾದೆಯನ್ನು ಇಪ್ಪತ್ತು ವರ್ಷಗಳಿಗೂ ಮೇಲ್ಪಟ್ಟು ನಾನು ಕಪ್ಪುಹಲಗೆಯ ಮೇಲೆ ಬರೆದು ವಿವರಿಸಿದ್ದೇನೆ. ಅದರೊಡನೆ ಪಂಚತಂತ್ರದ ಮುಂಗುಸಿಯ ಕಥೆಯನ್ನೂ ಹೇಳಿದ್ದೇನೆ. ತೊಟ್ಟಿಲ ಕೂಸಿನ ಬಳಿಗೆ ಬಂದ ಹಾವನ್ನು ಕೊಂದು, ನೆತ್ತರು ಬಳಿದ ಮೂತಿಯೊಡನೆ ಬಾಗಿಲಿಗೆ ಓಡಿಬಂದ ಮುಂಗುಸಿಯನ್ನು ಕಂಡು, ಅದು ಕೂಸನ್ನೇ ಕಡಿದಿದೆಯೆಂದು ಬಗೆದು, ತಾಯಿ ಅದನ್ನು ಕೊಂದುಹಾಕಿದ ಕಥೆ. ಮಕ್ಕಳು ಇದನ್ನು ಬಾಯಿಪಾಠ ಮಾಡಿ ಬರೆಯುತ್ತಾರೆ. ನಾನು ಕೆಂಪು ಶಾಯಿಯಲ್ಲಿ ಅಂಕ ಹಾಕುತ್ತೇನೆ. ಇಷ್ಟು ಕಾಲ ಹೇಳಿಕೊಟ್ಟ ಪಾಠವನ್ನು ನಾನೇ ಕಲಿತಿರಲಿಲ್ಲವೆಂಬುದು ನನಗೆ ತಿಳಿದದ್ದು ಒಂದು ಬಸ್ಸಿನ ಕ್ಯಾಮೆರಾದಿಂದ.

ಈಗ ಊರೂರಿನ ಬಸ್ಸುಗಳಲ್ಲಿಯೂ ಡ್ರೈವರನ ಹಿಂದೆಯೋ ಬಾಗಿಲ ಮೇಲೆಯೋ ಒಂದು ಕಪ್ಪು ಗಾಜಿನ ಗುಬ್ಬಿ ಕಾಣುತ್ತದೆ. ಅದರ ಬಳಿ, ನೀವು ಕ್ಯಾಮೆರಾದ ಕಣ್ಗಾವಲಿನಲ್ಲಿದ್ದೀರಿ ಎಂಬ ಅರ್ಥದ ಒಂದು ಚೀಟಿ ಅಂಟಿಸಿರುತ್ತದೆ. ನಾವು ಅದನ್ನು ಓದುತ್ತೇವೆ. ಓದಿ, ಸೀಟು ಹುಡುಕುತ್ತೇವೆ. ಆ ಕಣ್ಣು ಕಂಡದ್ದನ್ನು ಯಾರಿಗೆ ಹೇಳುತ್ತದೆ, ಎಷ್ಟು ದಿನ ನೆನಪಿಟ್ಟುಕೊಳ್ಳುತ್ತದೆ, ಅದರ ಮಾತನ್ನು ಯಾರು ಯಾರಿಗೆ ಒಯ್ಯುತ್ತಾರೆ ಎಂಬ ಪ್ರಶ್ನೆಗಳು ನಮ್ಮ ತಲೆಗೆ ಬರುವುದಿಲ್ಲ. ನನ್ನ ತಲೆಗೂ ಬಂದಿರಲಿಲ್ಲ.

ಕೆಲವು ವರ್ಷಗಳ ಹಿಂದಿನ ಒಂದು ಸಂಜೆ ನನ್ನ ಮೊಬೈಲಿಗೆ ಒಂದು ದೃಶ್ಯದ ತುಣುಕು ಬಂದಿತು. ಹೆಚ್ಚೆಂದರೆ ಹದಿನೈದು ಸೆಕೆಂಡುಗಳದು. ಬಸ್ಸಿನ ಒಳಗಿನಿಂದ, ಮೇಲಿನಿಂದ ಕಂಡ ನೋಟ. ಮೆಟ್ಟಿಲ ಮೇಲೆ ಒಬ್ಬ ಮುದುಕಿ. ಅವಳ ಬೆನ್ನ ಮೇಲೆ ಕಂಡಕ್ಟರನ ಕೈ. ಮರುಕ್ಷಣ ಮುದುಕಿ ಕಾಣುವುದಿಲ್ಲ, ತೆರೆದ ಬಾಗಿಲು ಮಾತ್ರ ಕಾಣುತ್ತದೆ. ಅಷ್ಟಕ್ಕೆ ಮುಗಿಯಿತು. ಕೆಳಗೆ ಯಾರೋ ಬರೆದಿದ್ದರು: ‘ಬಿಟ್ಟಿ ಟಿಕೆಟಿನ ಮುದುಕಿಯನ್ನು ತಳ್ಳಿದ ಕಂಡಕ್ಟರ್. ಎಲ್ಲರಿಗೂ ಕಳುಹಿಸಿ.’ ನನಗೆ ಕೋಪ ಬಂದಿತು. ಕೋಪಕ್ಕಿಂತ ಹೆಚ್ಚಾಗಿ, ಕೋಪಗೊಳ್ಳುವುದರಲ್ಲಿ ಇರುವ ಸುಖ ಬಂದಿತು ಎಂದರೆ ನಿಜ ಹೇಳಿದಂತಾಗುತ್ತದೆ. ‘ನಮ್ಮ ಸಂಸ್ಕೃತಿ ಇಲ್ಲಿಗೆ ಬಂತೆ?’ ಎಂಬ ಒಂದು ವಾಕ್ಯವನ್ನು ಸೇರಿಸಿ, ನಮ್ಮ ಉಪಾಧ್ಯಾಯರ ವಾಟ್ಸ್ಯಾಪ್ ಬಳಗಕ್ಕೆ ಅದನ್ನು ದಾಟಿಸಿ, ಊಟಕ್ಕೆ ಎದ್ದೆ.

ಆ ತುಣುಕನ್ನು ನಾನು ಸರಿಯಾಗಿ ನೋಡಿದ್ದರೆ ಒಂದು ಸಂಗತಿ ಕಾಣುತ್ತಿತ್ತು. ಚಿತ್ರ ಅಲುಗಾಡುತ್ತಿತ್ತು, ಅದರ ಒಂದು ಅಂಚಿನಲ್ಲಿ ಟೆಲಿವಿಷನ್ ಪರದೆಯ ಕಪ್ಪು ಚೌಕಟ್ಟು, ಮೇಜಿನ ಮೇಲಣ ಒಂದು ಚಹದ ಲೋಟ ಕಾಣುತ್ತಿದ್ದವು. ಬಸ್ಸಿನ ಕ್ಯಾಮೆರಾ ಬಸ್ಸಿನೊಡನೆ ಅಲುಗಾಡುತ್ತದೆ. ಅದರ ನೋಟದಲ್ಲಿ ಚಹದ ಲೋಟಕ್ಕೆ ಎಡೆಯಿಲ್ಲ. ಯಾರೋ ಒಬ್ಬರು, ಆ ದೃಶ್ಯವನ್ನು ನೋಡುವ ಅಧಿಕಾರದ ಕೋಣೆಯಲ್ಲಿ ನಿಂತು, ಪರದೆಯ ಮೇಲೆ ಓಡುತ್ತಿದ್ದುದನ್ನು ತಮ್ಮ ಮೊಬೈಲಿನಲ್ಲಿ ಹಿಡಿದುಕೊಂಡಿದ್ದರು; ತಮಗೆ ಬೇಕಾದಷ್ಟನ್ನೇ ಹಿಡಿದುಕೊಂಡಿದ್ದರು.

ಮರುದಿನ ನನ್ನ ತರಗತಿಯಲ್ಲಿ ಒಬ್ಬ ಹುಡುಗಿ ಬಂದಿರಲಿಲ್ಲ. ಅದರ ಮರುದಿನವೂ ಇಲ್ಲ. ನಾಲ್ಕನೆಯ ದಿನ ಬಂದವಳು ಬಿಡುವಿನ ವೇಳೆಯಲ್ಲಿ ಸ್ಟಾಫ್ ರೂಮಿನ ಬಾಗಿಲಿಗೆ ಬಂದು ನಿಂತಳು. “ಸಾರ್, ಅದು ನಮ್ಮಪ್ಪ. ನೀವೂ ಕಳಿಸಿದ್ರಂತೆ” ಎಂದಳು. ಆ ಮಾತಿನಲ್ಲಿ ಆಪಾದನೆಯಿರಲಿಲ್ಲ. ಕೇಳಿ ತಿಳಿದುಕೊಳ್ಳಬೇಕೆಂಬ ಒಂದು ಇಚ್ಛೆ ಮಾತ್ರ ಇತ್ತು. ನಾನು ಹೌದೆಂದೆ. ಅವಳು ತಲೆಯಾಡಿಸಿ ಹೊರಟುಹೋದಳು.

ಆಕೆಯ ತಂದೆಯನ್ನು ವಿಚಾರಣೆ ಮುಗಿಯುವವರೆಗೆ ಕೆಲಸದಿಂದ ದೂರವಿಟ್ಟಿದ್ದರು. ವಿಚಾರಣೆಯಲ್ಲಿ ಇಡೀ ದೃಶ್ಯವನ್ನು, ಹಿಂದುಮುಂದಿನ ನಿಮಿಷಗಳ ಸಹಿತ, ಎರಡು ಕ್ಯಾಮೆರಾಗಳ ನೋಟದಲ್ಲಿ ನೋಡಿದರು. ಅದರಲ್ಲಿ ಕಂಡದ್ದು ಬೇರೆ. ಮುದುಕಿ ತನ್ನ ಊರು ತಪ್ಪಿತೆಂದು ಗಾಬರಿಯಾಗಿ, ಬಸ್ಸು ಇನ್ನೂ ನಿಲ್ಲುವುದಕ್ಕೆ ಮೊದಲೇ ತಾನೇ ಬಾಗಿಲು ನೂಕಿಕೊಂಡು ಇಳಿಯತೊಡಗಿದ್ದಳು. ಹಿಂದಿನ ಸೀಟುಗಳಲ್ಲಿ ಟಿಕೆಟು ಕೊಡುತ್ತಿದ್ದ ಕಂಡಕ್ಟರು ಸೀಟಿ ಊದುತ್ತ, ಜನರ ನಡುವೆ ನುಗ್ಗಿ ಬಂದು, ಅವಳ ಸೆರಗನ್ನೂ ಬೆನ್ನನ್ನೂ ಹಿಡಿಯಲು ಕೈಚಾಚಿದ್ದರು. ಕೈಗೆ ಸಿಕ್ಕಿದ್ದು ಬಟ್ಟೆ ಮಾತ್ರ. ಬಸ್ಸು ನಿಂತಮೇಲೆ ಇಳಿದು, ಅವಳನ್ನು ಎತ್ತಿ ಕೂರಿಸಿ, ನೀರು ಕುಡಿಸಿದ್ದರು. ಹಿಡಿಯಲು ಹೋದ ಕೈ, ತಳ್ಳುವ ಕೈಯಂತೆ ಕಂಡಿತ್ತು. ಹದಿನೈದು ಸೆಕೆಂಡುಗಳಿಗೆ ಆ ಎರಡರ ಭೇದ ತಿಳಿಯದು.

ಇನ್ನೂ ಒಂದು ವಿಷಯವನ್ನು ಹೇಳಬೇಕು. ಇಂಥ ಕ್ಯಾಮೆರಾಗಳ ಪೆಟ್ಟಿಗೆಗೆ ಜ್ಞಾಪಕಶಕ್ತಿ ಮಿತವಾದುದು. ಡಿಸ್ಕು ತುಂಬಿದಂತೆಲ್ಲ ಹಳೆಯ ಚಿತ್ರದ ಮೇಲೆ ಹೊಸ ಚಿತ್ರ ಬರೆದುಕೊಳ್ಳುತ್ತ ಹೋಗುತ್ತದೆ. ಮೂರನೆಯ ದಿನವೇ ಜೊತೆಯ ನೌಕರರೊಬ್ಬರು, ಆ ದಿನದ ಚಿತ್ರವನ್ನು ಪೂರ್ತಿಯಾಗಿ ತೆಗೆದಿಡಬೇಕೆಂದು ಬರವಣಿಗೆಯಲ್ಲಿ ಕೇಳಿಕೊಳ್ಳದಿದ್ದರೆ, ಸತ್ಯದ ಉದ್ದನೆಯ ಭಾಗ ಅಳಿಸಿಹೋಗಿ, ಯಾರದೋ ಮೊಬೈಲಿನಲ್ಲಿದ್ದ ತುಂಡು ಮಾತ್ರ ಉಳಿಯುತ್ತಿತ್ತು. ಮೂರು ವಾರಗಳ ಮೇಲೆ ಕಂಡಕ್ಟರು ಕೆಲಸಕ್ಕೆ ಮರಳಿದರು. ಆ ಎರಡನೆಯ ಸುದ್ದಿಯನ್ನು ನನಗೆ ಯಾರೂ ಕಳುಹಿಸಲಿಲ್ಲ, ಹುಡುಗಿಯಿಂದಲೇ ತಿಳಿಯಿತು.

ಇದು ನಮ್ಮೂರಿನ ಒಂದು ಸಣ್ಣ ಪ್ರಕರಣವೆಂದು ತಳ್ಳಿಹಾಕಬಹುದು. ಆದರೆ ಅಂದಿನಿಂದ ನಾನು ಈ ವಿಷಯದ ಬೆನ್ನುಹತ್ತಿ, ಸಿಕ್ಕಿದ್ದನ್ನೆಲ್ಲ ಓದತೊಡಗಿದೆ. ಓದುತ್ತ ಹೋದಂತೆ, ಒಂದೇ ದಿನದ ಎರಡು ಸಂಗತಿಗಳು ನನ್ನನ್ನು ಹಿಡಿದು ನಿಲ್ಲಿಸಿದವು. ಆ ದಿನ 2017ರ ಮೇ 5. ಸ್ಥಳ, ಒಂದು ದೆಹಲಿ, ಇನ್ನೊಂದು ಲಂಡನ್.

ದೆಹಲಿಯ ಸಂಗತಿಯ ಮೂಲವಿರುವುದು 2012ರ ಡಿಸೆಂಬರ್ 16ರ ರಾತ್ರಿಯಲ್ಲಿ. ಓಡುತ್ತಿದ್ದ ಖಾಸಗಿ ಬಸ್ಸಿನಲ್ಲಿ ಒಬ್ಬ ತರುಣಿಯ ಮೇಲೆ ನಡೆದ ಆ ಘೋರ ಅತ್ಯಾಚಾರವನ್ನು ಇಲ್ಲಿ ವಿವರಿಸಬೇಕಾದುದಿಲ್ಲ. ಆ ಬಸ್ಸಿನೊಳಗೆ ನಡೆದುದನ್ನು ಕಂಡ ಕ್ಯಾಮೆರಾ ಇರಲಿಲ್ಲ. ಆದರೆ ಮಹಿಪಾಲಪುರದ ಒಂದು ಹೋಟೆಲಿನ ಕ್ಯಾಮೆರಾ, ಅದೇ ಬಸ್ಸು ಆ ರಸ್ತೆಯಲ್ಲಿ ಎರಡು ಸಲ ಹಾದುಹೋದುದನ್ನು ಕಂಡಿತ್ತು. ಬಸ್ಸಿನ ಬಿಳಿಯ ಬಣ್ಣ, ಅದರ ಪಕ್ಕದಲ್ಲಿ ಬರೆದಿದ್ದ ಹೆಸರು, ಇವುಗಳ ಜಾಡಿನಲ್ಲಿ ಪೊಲೀಸರು ಆ ಬಸ್ಸನ್ನು ಕಂಡುಹಿಡಿದರು. ಹೋಟೆಲಿನ ಚಿತ್ರ ಪೊಲೀಸರ ಕೈಗೆ, ಅಲ್ಲಿಂದ ನ್ಯಾಯಾಲಯಕ್ಕೆ ಹೋಯಿತು. ಪ್ರತಿವಾದಿಗಳ ವಕೀಲರ ಪ್ರಶ್ನೆಗಳನ್ನು ಎದುರಿಸಿತು. 2017ರ ಮೇ 5ರಂದು ಸುಪ್ರೀಂ ಕೋರ್ಟು ಅಪರಾಧಿಗಳ ಮರಣದಂಡನೆಯನ್ನು ಎತ್ತಿಹಿಡಿದ ತೀರ್ಪಿನಲ್ಲಿ ಆ ಚಿತ್ರಕ್ಕೂ ಸಾಕ್ಷಿಯ ಸ್ಥಾನ ದೊರೆಯಿತು. ಕ್ಯಾಮೆರಾ ಒಂದು ಮಾತು ಹೇಳಿತು. ಅದನ್ನು ಕೇಳಬೇಕಾದವರು ಕೇಳಿದರು. ಉಳಿದ ಸಾಕ್ಷ್ಯಗಳೊಡನೆ ಹೋಲಿಸಿ ತೂಗಿದರು.

ಆ ರಾತ್ರಿಯ ನೋವಿನಿಂದಲೇ ಹುಟ್ಟಿದುದು ನಿರ್ಭಯಾ ನಿಧಿ. 2013ರ ಕೇಂದ್ರ ಮುಂಗಡಪತ್ರದಲ್ಲಿ 1,000 ಕೋಟಿ ರೂಪಾಯಿಗಳಿಂದ ಅದು ಆರಂಭವಾಯಿತು. ನಮ್ಮ ಬೆಂಗಳೂರಿನ ನಗರ ಸಾರಿಗೆ ಬಸ್ಸುಗಳಿಗೂ ಆ ನಿಧಿಯ ನೆರವಿನಿಂದ ಕ್ಯಾಮೆರಾಗಳು ಬಂದವು. ಆದಕಾರಣ, ಬಸ್ಸಿನ ಕಪ್ಪು ಗುಬ್ಬಿಯನ್ನು ಕಂಡು ಹಗುರವಾಗಿ ಮಾತನಾಡುವ ಅಧಿಕಾರ ನಮಗಿಲ್ಲ. ಕತ್ತಲಾದ ಮೇಲೆ ಒಬ್ಬಳೇ ಮನೆಗೆ ಮರಳುವ ಹೆಣ್ಣುಮಗಳಿಗಾಗಿ ಅದು ಅಲ್ಲಿದೆ.

ಇನ್ನು ಲಂಡನ್. ಅದೇ ಮೇ 5ರ ಬೆಳಗ್ಗೆ, ಸುಮಾರು 7 ಗಂಟೆ 40 ನಿಮಿಷಕ್ಕೆ, ಥೇಮ್ಸ್ ನದಿಯ ಮೇಲಿನ ಪಟ್ನಿ ಸೇತುವೆಯಲ್ಲಿ ಒಬ್ಬಳು ಮಹಿಳೆ ನಡೆದುಹೋಗುತ್ತಿದ್ದಳು. ಎದುರಿನಿಂದ ವ್ಯಾಯಾಮಕ್ಕಾಗಿ ಓಡಿಬರುತ್ತಿದ್ದ ಒಬ್ಬನು ಅವಳನ್ನು ರಸ್ತೆಗೆ ತಳ್ಳಿ ಓಡಿಯೇಹೋದನು. ಬರುತ್ತಿದ್ದ ಬಸ್ಸಿನ ಚಕ್ರದ ದಾರಿಯಲ್ಲಿ ಅವಳು ಬಿದ್ದಳು. ಡ್ರೈವರನು ಕಣ್ಣುಮಿಟುಕಿಸುವಷ್ಟರಲ್ಲಿ ಬಸ್ಸನ್ನು ಪಕ್ಕಕ್ಕೆ ಹೊರಳಿಸಿದ್ದರಿಂದ ಸಣ್ಣ ಗಾಯಗಳೊಡನೆ ಬದುಕಿದಳು. ಇದಿಷ್ಟನ್ನೂ ಕಂಡದ್ದು ಆ ಬಸ್ಸಿನ ಕ್ಯಾಮೆರಾ. ಸುಮಾರು ಕಾಲು ಗಂಟೆಯ ಬಳಿಕ ಅವನು ಅದೇ ಸೇತುವೆಯ ಮೇಲೆ ಮರಳಿ ಬಂದಾಗ ಆಕೆ ಮಾತನಾಡಿಸಲು ಹೋದಳಂತೆ. ಅವನು ಕೇಳಿಸಿಕೊಳ್ಳದೆ ಓಡಿದನಂತೆ.

ಪೊಲೀಸರು ಮೂರು ತಿಂಗಳು ಹುಡುಕಿದರು. ಅವನ ಗುರುತು ಹತ್ತದೆ, ಆಗಸ್ಟಿನಲ್ಲಿ ಆ ಚಿತ್ರವನ್ನು ಸಾರ್ವಜನಿಕರ ಮುಂದಿಟ್ಟರು. ಚಿತ್ರ ಲೋಕವನ್ನೆಲ್ಲ ಸುತ್ತಿತು. ಸಂಶಯದ ಮೇಲೆ ಬಂಧಿತರಾದವರಲ್ಲಿ ಒಬ್ಬರ ಹೆಸರು ಪತ್ರಿಕೆಗಳಲ್ಲಿ ಬಂದಿತು. ಘಟನೆಯ ವೇಳೆಯಲ್ಲಿ ಆತನು ಅಮೆರಿಕದಲ್ಲಿದ್ದನೆಂದು ಅವನ ವಕೀಲರು ತೋರಿಸಿಕೊಟ್ಟರು, ಪೊಲೀಸರು ಬಿಟ್ಟುಬಿಟ್ಟರು. ತಳ್ಳಿದವನು ಯಾರೆಂಬುದು ಬಯಲಾಗದೆ 2018ರಲ್ಲಿ ತನಿಖೆ ಮುಚ್ಚಿಹೋಯಿತು. ಅಪರಾಧಿಗೆ ಹೆಸರಿಲ್ಲ, ಸಂಬಂಧವಿಲ್ಲದವನ ಹೆಸರು ಮಾತ್ರ ಊರ ಬಾಯಿಗೆ ಬಿದ್ದಿತು. ಪೊಲೀಸರು ಮಾಡಿದ್ದು ತಪ್ಪೆಂದು ನಾನು ಹೇಳಲಾರೆ. ಆ ಮಹಿಳೆಗೆ ನ್ಯಾಯ ದೊರಕಿಸುವ ಬೇರೆ ದಾರಿ ಅವರಿಗೆ ಉಳಿದಿರಲಿಲ್ಲ. ಆದರೆ ಸಾಕ್ಷಿಯನ್ನು ನ್ಯಾಯಸ್ಥಾನದಿಂದ ಸಂತೆಗೆ ಕರೆದೊಯ್ದಾಗ ತೆರಬೇಕಾದ ಬೆಲೆ ಏನೆಂಬುದನ್ನು ಈ ಪ್ರಕರಣ ತೋರಿಸುತ್ತದೆ. ಲಕ್ಷಾಂತರ ಜನ ಆ ಓಟಗಾರನ ಬೆನ್ನನ್ನೇ ನೋಡಿದರು. ನಾನು ಈಗ ಅದನ್ನು ನೆನೆದಾಗಲೆಲ್ಲ, ಚಿತ್ರದಲ್ಲಿ ಕಾಣದೆ ಇದ್ದ ಡ್ರೈವರನ ಎರಡು ಕೈಗಳನ್ನು ನೆನೆಯುತ್ತೇನೆ.

ನಮ್ಮ ದೇಶದಲ್ಲಿಯೇ 2014ರ ನವೆಂಬರಿನಲ್ಲಿ ಹರಿಯಾಣದ ರೋಹತಕ್ಕಿನ ಬಳಿ ಇನ್ನೊಂದು ಪ್ರಕರಣ ನಡೆಯಿತು. ಸರ್ಕಾರಿ ಬಸ್ಸಿನಲ್ಲಿ ಇಬ್ಬರು ಸೋದರಿಯರು ತರುಣರನ್ನು ಬೆಲ್ಟಿನಿಂದ ಹೊಡೆಯುವ ದೃಶ್ಯವನ್ನು ಪ್ರಯಾಣಿಕರೊಬ್ಬರು ಮೊಬೈಲಿನಲ್ಲಿ ಹಿಡಿದಿದ್ದರು. ಅದು ಹರಡಿದೊಡನೆ ಸೋದರಿಯರನ್ನು ವೀರಾಂಗನೆಯರೆಂದು ಕೊಂಡಾಡಿದರು. ರಾಜ್ಯಸರ್ಕಾರ ಸನ್ಮಾನವನ್ನು ಘೋಷಿಸಿ, ಆಮೇಲೆ ತಡೆಹಿಡಿಯಿತು. ಕೆಲವೇ ದಿನಗಳಲ್ಲಿ ಅದೇ ಜನ ಅವರನ್ನೇ ಸುಳ್ಳುಗಾರರೆಂದು ಜರೆದರು. 2017ರ ಮಾರ್ಚಿನಲ್ಲಿ ನ್ಯಾಯಾಲಯ ಮೂವರು ತರುಣರನ್ನು ಬಿಡುಗಡೆ ಮಾಡಿತು. ಇವರಲ್ಲಿ ಯಾರು ನಿಜ, ಯಾರು ಸುಳ್ಳು ಎಂದು ಹೇಳುವುದಕ್ಕೆ ನಾನು ಹೊರಟಿಲ್ಲ. ನ್ಯಾಯಾಲಯಕ್ಕೆ ಎರಡು ವರ್ಷಗಳಿಗೂ ಮೇಲ್ಪಟ್ಟು ಹಿಡಿದ ಕೆಲಸವನ್ನು ನಾವು ಒಂದು ಸಂಜೆಯಲ್ಲಿ, ಅದೂ ಎರಡು ಸಲ, ಎರಡು ಬಗೆಯಾಗಿ ಮಾಡಿ ಮುಗಿಸಿದೆವು ಎಂಬುದಷ್ಟೇ ನನ್ನ ಮಾತು.

ಅಪರಾಧದ ಸೋಂಕೂ ಇಲ್ಲದ ಚಿತ್ರಗಳ ಗತಿಯನ್ನೂ ನೋಡಬೇಕು. 2013ರ ಜುಲೈಯಲ್ಲಿ, ದೆಹಲಿಯ ಮೆಟ್ರೋ ರೈಲಿನ ರಕ್ಷಣೆಗಾಗಿ ಇಟ್ಟ ಕ್ಯಾಮೆರಾಗಳು ಕಂಡ ಪ್ರೇಮಿಗಳ ದೃಶ್ಯಗಳು ಅಶ್ಲೀಲ ಚಿತ್ರಗಳ ಅಂತರ್ಜಾಲ ತಾಣಗಳಲ್ಲಿ ಮಾರಾಟದ ಸರಕಾಗಿ ಕಾಣಿಸಿಕೊಂಡವು. ಕಾವಲಿಗೆ ನಿಂತವನೇ ಕದ್ದರೆ ಅದನ್ನು ಬೇಲಿಯೇ ಎದ್ದು ಹೊಲ ಮೇಯ್ದಂತೆ ಎನ್ನುತ್ತೇವೆ. ಆದರೆ ಇಲ್ಲಿ ಹೊಲದ ಯಜಮಾನನಿಗೆ ತನ್ನ ಪೈರು ಹೋದುದೇ ತಿಳಿಯುವುದಿಲ್ಲ.

ಹಾಗಾದರೆ ಕ್ಯಾಮೆರಾ ಕಂಡದ್ದು ಸಾಕ್ಷ್ಯವಾಗುವುದು ಹೇಗೆ? ಸಾಕ್ಷಾತ್ತಾಗಿ ನೋಡಿದವನು ಸಾಕ್ಷಿ ಎಂದು ನಮ್ಮ ವೈಯಾಕರಣರು ಹೇಳುತ್ತಾರೆ. ಕಾನೂನು ಅಷ್ಟಕ್ಕೆ ತೃಪ್ತಿಗೊಳ್ಳುವುದಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಪ್ರಕರಣದಂತೆ, ಇಂಥ ಚಿತ್ರದ ಪ್ರತಿಯನ್ನು ಒಪ್ಪಿಸುವಾಗ ಒಂದು ಪ್ರಮಾಣಪತ್ರವನ್ನು ಜೊತೆಗಿಡಬೇಕು. ಯಾವ ಯಂತ್ರದಿಂದ ತೆಗೆದದ್ದು, ಅದು ಯಾರ ವಶದಲ್ಲಿತ್ತು ಎಂಬುದನ್ನು ಅದರಲ್ಲಿ ಬರೆಯಬೇಕು. ‘ಹ್ಯಾಷ್’ ಎಂಬ ಒಂದು ಸಂಖ್ಯಾಮುದ್ರೆಯನ್ನೂ ಅದರಲ್ಲಿ ಕಾಣಿಸಬೇಕು. ಕಡತದಲ್ಲಿರುವ ಒಂದೊಂದು ಅಂಕಿಯನ್ನೂ ಲೆಕ್ಕಕ್ಕೆ ತೆಗೆದುಕೊಂಡು ಗಣಕಯಂತ್ರ ಈ ಮುದ್ರೆಯನ್ನು ತಯಾರಿಸುತ್ತದೆ. ಒಂದು ಕ್ಷಣದ ಚಿತ್ರವನ್ನು ಕತ್ತರಿಸಿದರೂ ಮುದ್ರೆ ಬೇರೆಯಾಗುತ್ತದೆ. ಗಾದೆಯಲ್ಲಿ ‘ಪ್ರಮಾಣಿಸಿ’ ಎಂದು ಹೇಳಿದ ಕೆಲಸವನ್ನು ಕಾನೂನು ಹೀಗೆ ನಡೆಸುತ್ತದೆ. ನನ್ನ ಮೊಬೈಲಿಗೆ ಬಂದ ತುಣುಕಿಗೆ ಯಂತ್ರದ ಹೆಸರಿರಲಿಲ್ಲ, ವಶದ ವಿವರವಿರಲಿಲ್ಲ, ಮುದ್ರೆಯಿರಲಿಲ್ಲ. ನಾನು ಅದಕ್ಕೆ ಕೊಟ್ಟ ಪ್ರಮಾಣಪತ್ರವೆಂದರೆ ‘ಸಂಸ್ಕೃತಿ’ ಎಂಬ ಒಂದು ದೊಡ್ಡ ಶಬ್ದ.

ಚಿತ್ರದಲ್ಲಿರುವವನಿಗೂ ಅದರ ಮೇಲೆ ಒಂದು ಹಕ್ಕು ಬೇಡವೇ? ಈ ಪ್ರಶ್ನೆಗೆ ಬುನಾದಿ ಹಾಕಿದ ಮೊಕದ್ದಮೆಗೆ ನಮ್ಮ ನಾಡಿನವರ ಹೆಸರೇ ಇದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶರಾಗಿದ್ದ ದಿವಂಗತ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ, 2017ರ ಆಗಸ್ಟ್ 24ರಂದು, ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿದರು. ಮನೆಯ ಹೊಸ್ತಿಲು ದಾಟಿ ಬಸ್ಸು ಹತ್ತಿದ ಮಾತ್ರಕ್ಕೆ ಮನುಷ್ಯನು ಆ ಹಕ್ಕನ್ನು ಕಳಚಿಟ್ಟು ಬರುವುದಿಲ್ಲ. ವ್ಯಕ್ತಿಗಳ ಮಾಹಿತಿಯನ್ನು ರಕ್ಷಿಸುವ ಅಧಿನಿಯಮ 2023ರಲ್ಲಿ ಬಂದಿತು. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಬ್ರಿಟನ್ನಿನಲ್ಲಿ, ಬಸ್ಸಿನ ಕ್ಯಾಮೆರಾದಲ್ಲಿ ತನ್ನ ಚಿತ್ರವಿದೆಯೆಂದು ತಿಳಿದವನು ದಿನ, ವೇಳೆ, ಮಾರ್ಗಗಳನ್ನು ತಿಳಿಸಿ ಅದರ ಪ್ರತಿಯನ್ನು ಕೇಳಬಹುದು. ಸಾಮಾನ್ಯವಾಗಿ ಒಂದು ತಿಂಗಳೊಳಗೆ ಉತ್ತರ ಬರಬೇಕೆಂದು ಅಲ್ಲಿನ ಕಾನೂನು ಹೇಳುತ್ತದೆ; ಕೊಡುವಾಗ ಪಕ್ಕದವರ ಮುಖಗಳನ್ನು ಮಸುಕುಗೊಳಿಸುವ ವಾಡಿಕೆಯೂ ಉಂಟು.

ನಾನು ಕಾನೂನು ಬಲ್ಲವನಲ್ಲ. ಆದರೂ ಒಬ್ಬ ಪ್ರಯಾಣಿಕನಾಗಿ ಕೆಲವು ಮಾತುಗಳನ್ನು ಕೇಳಬಹುದೆಂದು ತೋರುತ್ತದೆ. ಬಸ್ಸಿನ ಚೀಟಿಯಲ್ಲಿ, ಕ್ಯಾಮೆರಾ ಇದೆ ಎಂಬುದರ ಜೊತೆಗೆ, ಚಿತ್ರ ಎಷ್ಟು ದಿನ ಉಳಿಯುತ್ತದೆ, ಯಾರನ್ನು ಕೇಳಬೇಕು ಎಂಬ ಇನ್ನೊಂದು ಸಾಲು ಇರಲಿ. ಆ ಚಿತ್ರವನ್ನು ನೋಡುವ ಕೋಣೆಯಲ್ಲಿ ಒಂದು ಹಾಜರಿ ಪುಸ್ತಕವಿರಲಿ. ಯಾರು, ಯಾವಾಗ, ಯಾವ ಕಾರಣಕ್ಕೆ ನೋಡಿದರೆಂದು ಅದರಲ್ಲಿ ಬರೆಯಲಿ. ಮೊಬೈಲು ಬಾಗಿಲ ಹೊರಗೇ ಇರಲಿ. ದೂರು ಬಂದ ದಿನದ ಚಿತ್ರ ತಾನಾಗಿ ಅಳಿಸಿಹೋಗದಂತೆ ಎತ್ತಿಡಲಿ. ದೂರಿಗೆ ಗುರಿಯಾದ ನೌಕರನಿಗೂ, ದೂರು ಕೊಟ್ಟ ಹೆಣ್ಣುಮಗಳಿಗೂ, ತುಂಡನ್ನಲ್ಲದೆ ಪೂರ್ತಿಯನ್ನು ತೋರಿಸಲಿ. ಇವು ದೊಡ್ಡ ಖರ್ಚಿನ ಬಾಬತ್ತುಗಳಲ್ಲ.

ಆ ಕಂಡಕ್ಟರು ಕೆಲಸಕ್ಕೆ ಮರಳಿದ ಮೇಲೆ ಒಂದು ಭಾನುವಾರ ಅವರ ಮನೆಗೆ ಹೋದೆ. ಉಪಾಧ್ಯಾಯರ ಬಳಗಕ್ಕೆ ತಪ್ಪೊಪ್ಪಿಗೆಯನ್ನು ಆಗಲೇ ಬರೆದಿದ್ದೆ. ಇಬ್ಬರು ಉತ್ತರಿಸಿದ್ದರು, ಉಳಿದವರು ಸುಮ್ಮನಿದ್ದರು. ಬಾಗಿಲಲ್ಲಿ ನನ್ನನ್ನು ಕಂಡವರೇ, “ಬನ್ನಿ ಮೇಷ್ಟ್ರೇ, ಕೂತ್ಕೊಳ್ಳಿ” ಎಂದು ಕುರ್ಚಿ ಎಳೆದರು. ಮಾಡಿದ್ದನ್ನು ಹೇಳಿ ಕ್ಷಮೆ ಕೇಳಿದೆ. ಕ್ಯಾಮೆರಾ ಎಂಬುದೇ ಒಂದು ಅನಿಷ್ಟ ಎಂಬ ಅರ್ಥದ ಒಂದು ಮಾತನ್ನೂ, ಅವರ ಮನಸ್ಸಿಗೆ ಹಿತವಾದೀತೆಂದು, ಸೇರಿಸಿದೆ.

ಅವರು ಒಪ್ಪಲಿಲ್ಲ. “ಹಾಗೆ ಹೇಳ್ಬೇಡಿ ಮೇಷ್ಟ್ರೇ. ಆ ಕ್ಯಾಮೆರಾ ಇಲ್ದಿದ್ರೆ ನನ್ನ ಮಾತು ಯಾರು ನಂಬ್ತಿದ್ರು? ನನ್ನ ಅನ್ನ ಉಳಿಸಿದ್ದೇ ಅದು. ಅದು ಪೂರ್ತಿ ಕಂಡಿತ್ತು, ನೀವುಗಳು ಪೂರ್ತಿ ನೋಡ್ಲಿಲ್ಲ” ಎಂದರು. ಒಳಗಿನಿಂದ ಕಾಫಿ ಬಂದಿತು. ತಂದುಕೊಟ್ಟವಳು ಮಗಳು. ನಾನು ಲೋಟವನ್ನು ತೆಗೆದುಕೊಂಡೆ. ಕುಡಿಯುವುದಕ್ಕೆ ಸ್ವಲ್ಪ ಹೊತ್ತು ಬೇಕಾಯಿತು.

ಈ ಪ್ರಸಂಗವನ್ನು ಬರೆಯಲು ಅವರ ಒಪ್ಪಿಗೆಯನ್ನು ಕೇಳಿ ಪಡೆದಿದ್ದೇನೆ. ಊರಿನ ಹೆಸರನ್ನೂ ಅವರ ಹೆಸರನ್ನೂ ಹೇಳುವುದಿಲ್ಲವೆಂದು ಮಾತು ಕೊಟ್ಟಿದ್ದೇನೆ.

ಆ ವರ್ಷದ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಅದೇ ಗಾದೆ ವಿಸ್ತರಣೆಗೆ ಬಂದಿತು. ಪ್ರಶ್ನಪತ್ರಿಕೆಯನ್ನು ನಾನು ಮಾಡಿದ್ದಲ್ಲ, ಹೊರಗಿನಿಂದ ಬಂದದ್ದು. ಉತ್ತರಗಳ ಕಟ್ಟನ್ನು ಬಿಚ್ಚಿ ತಿದ್ದುತ್ತ ಹೋದವನು ಅವಳ ಕಾಗದದ ಮುಂದೆ ಕೈ ನಿಲ್ಲಿಸಿದೆ. ಬರೆಯಬೇಕೆಂದರೆ ಅವಳಿಗೆ, ಇಡೀ ತರಗತಿಯಲ್ಲಿ ಯಾರಿಗೂ ಇಲ್ಲದ, ಒಂದು ದೃಷ್ಟಾಂತವಿತ್ತು. ಅವಳು ಬರೆದಿದ್ದುದು ಮುಂಗುಸಿಯ ಕಥೆಯನ್ನು. ನಾನು ಹೇಳಿಕೊಟ್ಟಿದ್ದ ಹಾಗೆಯೇ, ಒಂದು ಅಕ್ಷರ ಹೆಚ್ಚಿಲ್ಲದೆ, ಒಂದು ಅಕ್ಷರ ಕಡಮೆಯಿಲ್ಲದೆ. ಕಾಗುಣಿತದ ಒಂದು ತಪ್ಪಿತ್ತು. ಅದಕ್ಕೆ ಗೆರೆ ಎಳೆದು, ಪೂರ್ಣ ಅಂಕವನ್ನೇ ಕೊಟ್ಟು, ಮುಂದಿನ ಕಾಗದವನ್ನು ತೆಗೆದುಕೊಂಡೆ.